ದೋರಸಮುದ್ರಕ್ಕೆ ಒಂದು ಇಡೀ ದಿನ: ಹಳೇಬೀಡನ್ನು ರಾಜಧಾನಿಯಾಗಿ ನೋಡುವುದು ಹೇಗೆ?

ಹಾಸನದಿಂದ ಹೊರಟ ಕಾರು ಹಳೇಬೀಡಿನಲ್ಲಿ ನಿಲ್ಲುವುದು ಹೆಚ್ಚೆಂದರೆ ಒಂದು ಗಂಟೆ. ಹೊಯ್ಸಳೇಶ್ವರ ಗುಡಿಗೆ ಒಂದು ಸುತ್ತು ಹಾಕಿ, ನಂದಿಯ ಮುಂದೆ ಫೋಟೊ ತೆಗೆಸಿಕೊಂಡು, ಎಳನೀರು ಕುಡಿದು ಬೇಲೂರಿನ ದಾರಿ ಹಿಡಿಯುವುದು ವಾಡಿಕೆ. ಆದರೆ ಈ ಊರು ಸುಮಾರು ಮುನ್ನೂರು ವರ್ಷ ಹೊಯ್ಸಳರ ರಾಜಧಾನಿಯಾಗಿತ್ತು. ಆಗ ಇದರ ಹೆಸರು ದೋರಸಮುದ್ರ. ಕೋಟೆ, ಅರಮನೆ, ಕೆರೆ, ಕಲ್ಯಾಣಿ, ಹತ್ತಾರು ಗುಡಿ, ಬಸದಿ ಎಲ್ಲ ಇದ್ದ ದೊಡ್ಡ ಪಟ್ಟಣ ಅದು. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ ದಂಡೆತ್ತಿ ಬಂದ. ಅದಾಗಿ ಒಂದೂವರೆ ದಶಕದಲ್ಲೇ ದೆಹಲಿಯ ಸೇನೆ ಮತ್ತೊಮ್ಮೆ ನುಗ್ಗಿತು. ಪಟ್ಟಣ ಪಾಳುಬಿದ್ದು ಹಳೆಯ ಬೀಡಾಯಿತು. ಉಳಿದಿರುವುದನ್ನು ಸರಿಯಾದ ಕ್ರಮದಲ್ಲಿ, ಬಿಸಿಲಿನ ಲೆಕ್ಕ ಹಾಕಿಕೊಂಡು ನೋಡಿದರೆ ಆ ಪಟ್ಟಣದ ನಕ್ಷೆ ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ. ಅದಕ್ಕೆ ಒಂದು ಇಡೀ ದಿನ ಬೇಕು.

ಹೊರಡುವ ಮುನ್ನ

ಮೊದಲು ವಾರ ನೋಡಿ. ಹೊಯ್ಸಳೇಶ್ವರ ಗುಡಿ ಎಲ್ಲ ದಿನವೂ ತೆರೆದಿರುತ್ತದೆ, ಪ್ರವೇಶ ಶುಲ್ಕವಿಲ್ಲ. ಅದೇ ಆವರಣದಲ್ಲಿರುವ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಕ್ಕೆ ಮಾತ್ರ ಶುಕ್ರವಾರ ರಜೆ. ರಜೆ ಸಿಕ್ಕಿತೆಂದು ಶುಕ್ರವಾರವೇ ಬಂದು ಬೀಗ ನೋಡಿಕೊಂಡು ಹೋಗುವವರು ಬಹಳ. ಭಾನುವಾರ ಜನಜಂಗುಳಿ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು. ಮಂಗಳವಾರ, ಬುಧವಾರ, ಗುರುವಾರ ಅನುಕೂಲ.

ಕಾಲ ಅಂದರೆ ಅಕ್ಟೋಬರಿನಿಂದ ಫೆಬ್ರುವರಿ. ಮಳೆಗಾಲದಲ್ಲಿ ಕಲ್ಲು ನೆನೆದು ಕಪ್ಪಾಗುತ್ತದೆ, ಸಣ್ಣ ಕೆತ್ತನೆಯ ನೆರಳು ಬೆಳಕು ಕಾಣುವುದಿಲ್ಲ, ಜಗತಿಯ (ಗುಡಿ ನಿಂತಿರುವ ಎತ್ತರದ ಕಲ್ಲಿನ ಕಟ್ಟೆ) ಮೇಲೆ ಕಾಲು ಜಾರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದು ಗಂಟೆಯ ಮೇಲೆ ಜಗತಿಯ ಹಾಸುಗಲ್ಲಿನಲ್ಲಿ ಬರಿಗಾಲು ಇಡಲಾಗದು. ಚಪ್ಪಲಿಯನ್ನು ಹೊರಗೇ ಬಿಡಬೇಕಾದ್ದರಿಂದ ದಪ್ಪ ಕಾಲುಚೀಲ ಎರಡು ಜೊತೆ ಇಟ್ಟುಕೊಳ್ಳಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಒಂದು ಸಣ್ಣ ಟಾರ್ಚು ಸಾಕು. ಇದ್ದರೆ ಒಂದು ದುರ್ಬೀನು ತನ್ನಿ. ಒಳಗಿನ ಭುವನೇಶ್ವರಿಗಳ, ಅಂದರೆ ಒಳಛಾವಣಿಯ ಅಲಂಕೃತ ಅಂಕಣಗಳ, ಕೆತ್ತನೆ ಬರಿಗಣ್ಣಿಗೆ ಮುಕ್ಕಾಲು ಪಾಲು ದಕ್ಕುವುದೇ ಇಲ್ಲ.

ಹಾಸನದಿಂದ ಹಳೇಬೀಡಿಗೆ ಸುಮಾರು 30 ಕಿ.ಮೀ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಏಳು ಗಂಟೆಗೆ ಬಸ್ಸು ಹತ್ತಿದರೆ ಎಂಟಕ್ಕೆಲ್ಲ ಅಲ್ಲಿರುತ್ತೀರಿ. ಇಳಿದ ಕೂಡಲೇ ಸಂಜೆ ಹಾಸನಕ್ಕೆ ಹೋಗುವ ಬಸ್ಸುಗಳ ಹೊತ್ತನ್ನು ನಿಲ್ದಾಣದಲ್ಲೇ ಕೇಳಿ ಬರೆದುಕೊಳ್ಳಿ.

ಮೊದಲು ಕೆರೆ

ನೇರ ಗುಡಿಯೊಳಗೆ ಹೋಗಬೇಡಿ. ಗುಡಿಯ ಪೂರ್ವಕ್ಕೆ ದೋರಸಮುದ್ರ ಕೆರೆಯಿದೆ. ಊರಿಗೆ ಹೆಸರು ಕೊಟ್ಟದ್ದು ಅದೇ. ಹದಿನೈದು ನಿಮಿಷ ಅಲ್ಲಿ ನಿಂತು ದಿಕ್ಕು ಗುರುತು ಮಾಡಿಕೊಳ್ಳಿ. ಕೆರೆಗೆ ಬೆನ್ನು ಮಾಡಿ ಪಶ್ಚಿಮಕ್ಕೆ ತಿರುಗಿದರೆ ಎದುರಿಗೆ ಹೊಯ್ಸಳೇಶ್ವರ. ಅದರಾಚೆ, ಬೆಣ್ಣೆಗುಡ್ಡದ ಕಡೆಗೆ ಅರಮನೆ ಇತ್ತು. ಈಗ ಅಲ್ಲಿರುವುದು ಮಣ್ಣಿನ ದಿಬ್ಬ, ಅಡಿಪಾಯದ ಕುರುಹು. ಎಡಕ್ಕೆ, ಅಂದರೆ ದಕ್ಷಿಣಕ್ಕೆ ಬಸ್ತಿಹಳ್ಳಿಯ ಬಸದಿಗಳು, ಕೇದಾರೇಶ್ವರ. ಕೆರೆಯ ದಂಡೆಯಲ್ಲಿ ರಾಜಧಾನಿಯ ಮುಖ್ಯ ಗುಡಿ, ಅದರ ಬೆನ್ನಿಗೆ ಅರಮನೆ, ಸುತ್ತ ಕೋಟೆ. ಇಷ್ಟು ತಲೆಯಲ್ಲಿದ್ದರೆ ದಿನವಿಡೀ ನೋಡುವ ಒಂದೊಂದೂ ತನ್ನ ಜಾಗದಲ್ಲಿ ಕೂರುತ್ತದೆ.

ಬೆಳಗಿನ ಬಿಸಿಲಿಗೆ ಪೂರ್ವದ ಮುಖ

ಗುಡಿ ಪೂರ್ವಾಭಿಮುಖ. ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ನೋಡಬೇಕಾದ್ದು ಈ ಕಡೆಯನ್ನೇ. ಇದು ಜೋಡಿ ಗುಡಿ. ದಕ್ಷಿಣದ್ದು ಹೊಯ್ಸಳೇಶ್ವರ, ಉತ್ತರದ್ದು ರಾಣಿ ಶಾಂತಲೆಯ ಹೆಸರಿನ ಶಾಂತಲೇಶ್ವರ. ಹೊಯ್ಸಳ ಅರಸ ವಿಷ್ಣುವರ್ಧನನ ಕಾಲದಲ್ಲಿ, 1121ರ ಹೊತ್ತಿಗೆ, ಅಧಿಕಾರಿ ಕೇತಮಲ್ಲ ಕಟ್ಟಿಸಲು ತೊಡಗಿದ್ದು. ಎರಡಕ್ಕೂ ಎದುರಿನಲ್ಲಿ ಒಂದೊಂದು ನಂದಿ ಮಂಟಪ. ದಕ್ಷಿಣದ ನಂದಿಯ ಬೆನ್ನ ಹಿಂದೆ ಸೂರ್ಯನ ಗುಡಿಯಿದೆ. ನಂದಿಯ ಫೋಟೊ ತೆಗೆದು ಹೊರಟವರು ಅದನ್ನು ನೋಡಿರುವುದಿಲ್ಲ.

ನಂದಿಯ ಹತ್ತಿರ ಹೋಗಿ ಕೊರಳನ್ನು ಗಮನಿಸಿ. ಸರ ಮೈಗೆ ಅಂಟಿಕೊಂಡಿಲ್ಲ, ಚರ್ಮದ ಮೇಲೆ ಬಿದ್ದುಕೊಂಡಿದೆ. ಗೆಜ್ಜೆಗಳ ನಡುವೆ ನೆರಳು ನಿಲ್ಲುತ್ತದೆ. ಇದೆಲ್ಲ ಆದದ್ದು ಕಲ್ಲಿನ ಗುಣದಿಂದ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಚಿನ್ನಬೆಳ್ಳಿಯ ಕೆಲಸದವರು ಮಾಡುವಷ್ಟು ಸೂಕ್ಷ್ಮವನ್ನು ಉಳಿಯಿಂದ ತೆಗೆಯಲು ಸಾಧ್ಯವಾದದ್ದು ಹಾಗೆ.

ನಂತರ ಒಳಗೆ. ಪೂರ್ವದ ಬಾಗಿಲುಗಳಿಂದ ಬೆಳಕು ಬರುವ ಹೊತ್ತು ಇದು. ನವರಂಗದ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ) ಕಂಬಗಳ ಮೇಲೆ ಟಾರ್ಚನ್ನು ನೇರವಾಗಿ ಹಿಡಿಯಬೇಡಿ. ಕಂಬದ ಪಕ್ಕದಿಂದ ಓರೆಯಾಗಿ ಹಾಯಿಸಿ. ಆಗ ಕಂಬವನ್ನು ತಿರುಗಿಸುತ್ತಾ ಕಡೆದ ಸಣ್ಣ ಸಣ್ಣ ಬಳೆಗಳು ಒಂದರ ಮೇಲೊಂದು ಎದ್ದು ಕಾಣುತ್ತವೆ. ಕೈಯಿಂದ ಮುಟ್ಟಿ ನೋಡುವುದು ಬೇಡ. ಬೆರಳಿನ ಜಿಡ್ಡು, ಬೆವರು ದಿನಕ್ಕೆ ಸಾವಿರ ಜನರದ್ದಾದರೆ ಕಲ್ಲಿನ ಮೈ ಕಪ್ಪಾಗಿ ಸವೆಯುತ್ತದೆ. ಕೆಳಗಿನ ಆನೆಗಳ ಸೊಂಡಿಲಿನಲ್ಲಿ ಅದನ್ನು ನೀವೇ ಕಾಣಬಹುದು. ಗುಡಿಯಲ್ಲಿ ಪೂಜೆ ನಡೆಯುತ್ತದೆ, ಆ ಹೊತ್ತಿನಲ್ಲಿ ಟಾರ್ಚು, ಫೋನು ಎರಡನ್ನೂ ಆರಿಸಿ ನಿಲ್ಲಿ.

ದಕ್ಷಿಣದ ಬಾಗಿಲಿನಿಂದ ಹೊರಬಂದು ಗರುಡಗಂಬ ಹುಡುಕಿ. ಮೇಲೆ ವಿಷ್ಣುವಿನ ವಾಹನ ಇರುವ ಕಂಬ ಎಂದುಕೊಂಡವರಿಗೆ ಇದು ಅರ್ಥವಾಗುವುದಿಲ್ಲ. ಇಲ್ಲಿ ಗರುಡ ಎಂದರೆ ಒಡೆಯನ ಜೊತೆಗೇ ಪ್ರಾಣ ಬಿಡುತ್ತೇನೆಂದು ವ್ರತ ತೊಟ್ಟ ಅಂಗರಕ್ಷಕ. ಹೊಯ್ಸಳ ಅರಸ ಎರಡನೇ ವೀರಬಲ್ಲಾಳ ತೀರಿಕೊಂಡಾಗ ಅಂಗರಕ್ಷಕ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಅವರ ಲೆಂಕರು (ನಿಷ್ಠೆಯ ಆಳುಗಳು) ಜೀವ ತೆತ್ತ ನೆನಪಿಗೆ ನಿಂತ ಕಂಬವಿದು. ಶಾಸನ ಕನ್ನಡದಲ್ಲೇ ಇದೆ. ಕಂಬದ ಮೇಲ್ಭಾಗದಲ್ಲಿ ಕತ್ತಿ ಹಿಡಿದು ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುತ್ತಿರುವ ಆಳುಗಳ ಕೆತ್ತನೆಯಿದೆ. ಮಕ್ಕಳು ಜೊತೆಗಿದ್ದರೆ ಮೊದಲೇ ಕಥೆ ಹೇಳಿ ಆಮೇಲೆ ತೋರಿಸಿ.

ಹತ್ತರ ಹೊತ್ತಿಗೆ ವಸ್ತುಸಂಗ್ರಹಾಲಯ

ಸುತ್ತಲಿನ ಹಾಳುಬಿದ್ದ ಗುಡಿಗಳಿಂದ, ಉತ್ಖನನದಿಂದ ಬಂದ ಶಿಲ್ಪಗಳು ಇಲ್ಲಿವೆ. ಮುಕ್ಕಾಲು ಗಂಟೆ ಸಾಕು. ಇಲ್ಲಿಗೆ ಬರಬೇಕಾದ ಕಾರಣ ಒಂದೇ: ಗೋಡೆಯಲ್ಲಿ ಹತ್ತಡಿ ದೂರದಲ್ಲಿ ಕಾಣುವ ಕೆತ್ತನೆ ಇಲ್ಲಿ ಕಣ್ಣಿನ ಮಟ್ಟಕ್ಕಿದೆ. ಒಂದೇ ವಿಗ್ರಹವನ್ನು ಆರಿಸಿಕೊಂಡು ಅದರ ಕಿರೀಟ, ಕಿವಿಯ ಓಲೆ, ತೋಳಬಂದಿ, ಕೈಯಲ್ಲಿರುವ ವಸ್ತು, ಪಾದದ ಬಳಿಯ ವಾಹನ, ಹೀಗೆ ಮೇಲಿನಿಂದ ಕೆಳಕ್ಕೆ ಓದಿ. ಶಂಖ ಚಕ್ರ ಇದ್ದರೆ ವಿಷ್ಣು, ತ್ರಿಶೂಲ ಡಮರು ಇದ್ದರೆ ಶಿವ ಅಥವಾ ಭೈರವ, ಬಟ್ಟೆಯೂ ಒಡವೆಯೂ ಇಲ್ಲದೆ ನೇರ ನಿಂತಿದ್ದರೆ ತೀರ್ಥಂಕರ. ಈ ಓದು ಇಲ್ಲಿ ರೂಢಿಯಾದರೆ ಮಧ್ಯಾಹ್ನ ಗೋಡೆಯ ಮುಂದೆ ತಡವರಿಸುವುದಿಲ್ಲ. ಹೊರಗಿನ ಅಂಗಳದಲ್ಲಿ ನಿಲ್ಲಿಸಿರುವ ಕಲ್ಲುಗಳನ್ನೂ ಬಿಡಬೇಡಿ.

ಬಿಸಿಲೇರಿದಾಗ ಬಸದಿ

ಹನ್ನೊಂದಕ್ಕೆ ಬಸ್ತಿಹಳ್ಳಿಯ ಕಡೆ ನಡೆಯಿರಿ. ಹತ್ತು ಹದಿನೈದು ನಿಮಿಷದ ದಾರಿ, ಆಟೊ ಬೇಡ. ನೆತ್ತಿ ಸುಡುವ ಹೊತ್ತಿಗೆ ಬಸದಿಗಳ ಒಳಗು ತಣ್ಣಗಿರುತ್ತದೆ. ಈ ಕ್ರಮ ಅದಕ್ಕೇ.

ಮೂರು ಬಸದಿಗಳು: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಹೊಯ್ಸಳೇಶ್ವರದ ಗೋಡೆಯಲ್ಲಿ ಬೆರಳಿಡಲು ಜಾಗವಿಲ್ಲದಷ್ಟು ಕೆತ್ತನೆ. ಇಲ್ಲಿ ಗೋಡೆ ಬರಿದು. ಅಲಂಕಾರವೆಲ್ಲ ಒಳಗೆ. ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಅರಸನ ಕೈ ಸೇರಿದ ಹೊತ್ತಿಗೆ ಅವನಿಗೆ ಯುದ್ಧದಲ್ಲಿ ಗೆಲುವೂ ಮಗ ಹುಟ್ಟಿದ ಸುದ್ದಿಯೂ ಒಟ್ಟಿಗೆ ಬಂದಿದ್ದವು. ದೇವರಿಗೆ ವಿಜಯಪಾರ್ಶ್ವ ಎಂದೂ ಮಗನಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟ. ಶಿವನ ಗುಡಿ ಏಳುತ್ತಿದ್ದ ಊರಿನಲ್ಲೇ, ಕೂಗಳತೆಯಲ್ಲಿ, ಇದೂ ಎದ್ದಿತು.

ನವರಂಗದ ಕಂಬಗಳ ಮುಂದೆ ಒಂದು ಮಾರು ದೂರ ನಿಂತು ಬಾಗಿಲಿನ ಕಡೆಯಿಂದ ನೋಡಿ. ಕನ್ನಡಿಯಂತೆ ಹೊಳಪು ಕೊಟ್ಟ ಕಲ್ಲಿನಲ್ಲಿ ನಿಮ್ಮ ಪ್ರತಿಬಿಂಬ ಉದ್ದಕ್ಕೆ, ಅಗಲಕ್ಕೆ ಎಳೆದಂತೆ ಕಾಣುತ್ತದೆ. ಒಳಗೆ ಆಳಿನ ಎರಡರಷ್ಟಕ್ಕೂ ಮಿಗಿಲಾದ ಪಾರ್ಶ್ವನಾಥ, ತಲೆಯ ಮೇಲೆ ಹೆಡೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಎರಡು ಮೂರು ನಿಮಿಷ ಬೇಕು, ಕಾಯಿರಿ.

ಬಸದಿಗಳಿಂದ ಮುಂದೆ ಅದೇ ದಾರಿಯಲ್ಲಿ ಕೇದಾರೇಶ್ವರ. ಎರಡನೇ ವೀರಬಲ್ಲಾಳ ಮತ್ತು ರಾಣಿ ಕೇತಲದೇವಿ ಕಟ್ಟಿಸಿದ್ದು. ಇದು ಮೂರು ಗರ್ಭಗುಡಿಗಳ ತ್ರಿಕೂಟ. 19ನೇ ಶತಮಾನದಲ್ಲಿ ಇದರ ಶಿಖರದಲ್ಲಿ ಆಲದ ಗಿಡ ಬೇರು ಬಿಟ್ಟು ಕಲ್ಲುಗಳನ್ನು ಸೀಳಿತು. ಶಿಖರ ಹೋಯಿತು. ಹಳೆಯ ಗುಡಿಯ ಮೇಲೆ ಹಕ್ಕಿ ಉದುರಿಸಿದ ಒಂದು ಬೀಜವನ್ನು ಸಸಿಯಾಗಿದ್ದಾಗಲೇ ಕೀಳದಿದ್ದರೆ ಆಗುವುದು ಇದೇ. ನಿಮ್ಮ ಊರಿನ ಗುಡಿಯ ಗೋಪುರದಲ್ಲೂ ಅರಳಿ, ಆಲದ ಚಿಗುರು ಕಂಡರೆ ಈಗಲೇ ಹೇಳಿ. ಇಲ್ಲಿ ಜನ ಕಡಿಮೆ. ಗೋಡೆಯನ್ನು ಅವಸರವಿಲ್ಲದೆ ನೋಡಬಹುದು.

ಊಟದ ನಂತರ ಹುಲಿಕೆರೆ

ಒಂದೂವರೆಯ ಹೊತ್ತಿಗೆ ಆಟೊ ಮಾಡಿಕೊಂಡು ಹುಲಿಕೆರೆಗೆ ಹೋಗಿ. ಮೂರ್ನಾಲ್ಕು ಕಿ.ಮೀ. ಅಷ್ಟೇ. ಹೋಗಿ ಬರುವುದು, ಅರ್ಧ ಗಂಟೆ ಕಾಯುವುದು, ಎಲ್ಲ ಸೇರಿಸಿ ಬಾಡಿಗೆ ಮೊದಲೇ ಮಾತಾಡಿ. ಅಲ್ಲಿಂದ ವಾಪಸು ಆಟೊ ಸಿಗುತ್ತದೆಂದು ನಂಬಬೇಡಿ. ಹೊಯ್ಸಳರ ಕಾಲದ ಕಲ್ಯಾಣಿಯ ಮೆಟ್ಟಿಲುಗಳ ನಡುವೆ ಪುಟ್ಟ ಪುಟ್ಟ ಗುಡಿಗಳು ಸಾಲಾಗಿವೆ. ಒಟ್ಟು 27, ನಕ್ಷತ್ರಗಳ ಲೆಕ್ಕಕ್ಕೆ ಎನ್ನುತ್ತಾರೆ. ನೀರಿನಂಚಿನ ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಮಕ್ಕಳನ್ನು ಮೇಲೇ ನಿಲ್ಲಿಸಿ.

ಎರಡೂಮುಕ್ಕಾಲಕ್ಕೆ ಹಿಂದಿನ ಗೋಡೆ

ದಿನದ ಮುಖ್ಯ ಕೆಲಸ ಈಗ. ಹೊಯ್ಸಳೇಶ್ವರದ ಅತ್ಯುತ್ತಮ ಕೆತ್ತನೆ ಇರುವುದು ಪಶ್ಚಿಮದ ಗೋಡೆಯಲ್ಲಿ, ಎರಡು ಗರ್ಭಗುಡಿಗಳ ಹಿಂಭಾಗದಲ್ಲಿ. ಬೆಳಿಗ್ಗೆ ಬಂದವರಿಗೆ ಇದು ಪೂರ್ತಿ ನೆರಳು, ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಮಧ್ಯಾಹ್ನ ಬಿಸಿಲು ಇಳಿಜಾರಾದಾಗ ಪ್ರತಿ ಮಣಿಗೂ ನೆರಳು ಹುಟ್ಟುತ್ತದೆ. ಗೋಡೆ ನಕ್ಷತ್ರದಂತೆ ಕೋನ ಕೋನವಾಗಿ ಹೊರಳುವುದರಿಂದ ಎಲ್ಲ ಮುಖಕ್ಕೂ ಒಂದೇ ಸಲ ಬೆಳಕು ಬೀಳುವುದಿಲ್ಲ. ಚಳಿಗಾಲದಲ್ಲಿ ನೈಋತ್ಯಕ್ಕೆ ತಿರುಗಿದ ಮುಖಗಳಿಗೆ ಮೊದಲು, ವಾಯವ್ಯದವಕ್ಕೆ ತಡವಾಗಿ. ಹಾಗಾಗಿ ಎರಡು ಸುತ್ತು ಹಾಕಬೇಕು: ಮೂರಕ್ಕೊಂದು, ನಾಲ್ಕೂವರೆಗೊಂದು.

ಮೊದಲ ಸುತ್ತು ಕೆಳಗಿನ ಪಟ್ಟಿಕೆಗಳಿಗೆ. ಅಡಿಯಿಂದ ಎಣಿಸಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಒಟ್ಟು ಎಂಟು ಸಾಲು. ಭಾರ ಹೊರುವ ಆನೆ ತಳದಲ್ಲಿ, ಹಗುರವಾಗಿ ತೇಲುವ ಹಂಸ ತುದಿಯಲ್ಲಿ. ಬಳ್ಳಿಯ ಸುರುಳಿಗಳನ್ನು ಬರೀ ಅಂಚು ಎಂದುಕೊಂಡು ದಾಟಬೇಡಿ, ಒಂದೊಂದು ಸುರುಳಿಯ ಹೊಟ್ಟೆಯಲ್ಲೂ ಅಂಗೈಗಿಂತ ಚಿಕ್ಕ ಆಕೃತಿಗಳಿವೆ. ಕಥೆಯ ಸಾಲಿಗೆ ಒಂದು ಮೊಳದಷ್ಟು ಹತ್ತಿರ ಬಾಗಿ. ಕೋತಿಗಳು ಬಂದರೆ ರಾಮಾಯಣ. ಬಾಣಗಳ ಮೇಲೆ ಮಲಗಿದವನು ಭೀಷ್ಮ. ಸುತ್ತು ಸುತ್ತಾಗಿ ಬಳಸಿದ ಸೈನ್ಯದ ಆಕಾರ ಕಂಡರೆ ಅದು ಅಭಿಮನ್ಯುವಿನ ಚಕ್ರವ್ಯೂಹ.

ಎರಡನೇ ಸುತ್ತು ಮೇಲಿನ ದೊಡ್ಡ ವಿಗ್ರಹಗಳಿಗೆ. ಇದಕ್ಕೆ ಎಂಟು ಹತ್ತು ಅಡಿ ಹಿಂದೆ ಸರಿಯಬೇಕು. ಗಜಾಸುರನ ಚರ್ಮವನ್ನೆತ್ತಿ ಕುಣಿಯುವ ಶಿವ, ಗೋವರ್ಧನ ಎತ್ತಿದ ಕೃಷ್ಣ, ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವ ನರಸಿಂಹ, ಕೈಲಾಸವನ್ನು ಅಲುಗಾಡಿಸುವ ರಾವಣ. ಕೊನೆಯದಕ್ಕೆ ಕನಿಷ್ಠ ಹತ್ತು ನಿಮಿಷ ಕೊಡಿ. ಕೆಳಗೆ ಹಲವು ತಲೆ, ಹಲವು ತೋಳಿನ ರಾವಣ ಮಂಡಿಯೂರಿ ಇಡೀ ಬೆಟ್ಟಕ್ಕೆ ಹೆಗಲು ಕೊಟ್ಟಿದ್ದಾನೆ. ಅವನ ಮೇಲೆ ಬೆಟ್ಟ ಅಂತಸ್ತು ಅಂತಸ್ತಾಗಿ ಏರುತ್ತದೆ, ಒಂದೊಂದು ಅಂತಸ್ತಿನಲ್ಲೂ ಗಣಗಳು, ಪ್ರಾಣಿಗಳು. ತುದಿಯಲ್ಲಿ ಶಿವ ಪಾರ್ವತಿ. ವಿಗ್ರಹಗಳ ಪೀಠದ ಅಂಚನ್ನೂ ನೋಡಿ, ಕೆಲವೆಡೆ ಕೆತ್ತಿದವರ ಹೆಸರು ಹಳಗನ್ನಡ ಲಿಪಿಯಲ್ಲಿದೆ.

ಅಕ್ಷರ ಸ್ಪಷ್ಟವಾಗಲಿ ಎಂದು ಕಲ್ಲಿಗೆ ನೀರು ಎರಚುವುದು, ಸೀಮೆಸುಣ್ಣ ತಿಕ್ಕುವುದು ಮಾಡಬೇಡಿ, ಬೇರೆಯವರಿಗೂ ಬಿಡಬೇಡಿ. ಓರೆಯಾಗಿ ಹಿಡಿದ ಟಾರ್ಚು ಆ ಕೆಲಸವನ್ನು ಕಲ್ಲಿಗೆ ನೋವಾಗದಂತೆ ಮಾಡುತ್ತದೆ. ಫೋಟೊಗೆ ಫೋನನ್ನು ಗೋಡೆಗೆ ಹತ್ತಿರ ಹಿಡಿದು ಮೇಲಕ್ಕೆ ಎತ್ತಿದರೆ ವಿಗ್ರಹದ ತಲೆ ಚಿಕ್ಕದಾಗಿ ಬರುತ್ತದೆ. ಹಿಂದೆ ಸರಿದು ಜೂಮ್ ಮಾಡಿ. ಟ್ರೈಪಾಡಿಗೆ ಇಲಾಖೆಯ ಅನುಮತಿ ಬೇಕು.

ಗೈಡ್ ಬೇಕೆಂದರೆ ಗುರುತಿನ ಚೀಟಿ ಇರುವವರನ್ನು ಕೇಳಿ, ಈ ಹಿಂದಿನ ಗೋಡೆಗೇ ಕರೆದುಕೊಳ್ಳಿ, ಬೆಳಿಗ್ಗೆ ಅಲ್ಲ. ದರ ಮೊದಲೇ ಮಾತಾಡಿ, ಒಂದೂವರೆ ಗಂಟೆ ಬೇಕು ಎಂದೂ ಹೇಳಿ. ಹಾಗೆ ಹೇಳದಿದ್ದರೆ ಇಪ್ಪತ್ತು ನಿಮಿಷದ ಮಾಮೂಲಿ ಸುತ್ತು ಆಗುತ್ತದೆ. ಅವರಲ್ಲಿ ಗೋಡೆಯ ಮೂಲೆ ಮೂಲೆಯನ್ನೂ ಬಲ್ಲವರಿದ್ದಾರೆ. ಕೇಳುವವರು ಸಿಕ್ಕರೆ ಖುಷಿಯಿಂದ ತೋರಿಸುತ್ತಾರೆ.

ಬೇಲೂರನ್ನು ಇದೇ ದಿನಕ್ಕೆ ಸೇರಿಸಬೇಡಿ. ಅದು 16 ಕಿ.ಮೀ. ದೂರವಷ್ಟೇ, ಆಸೆಯಾಗುತ್ತದೆ. ಆದರೆ ಅಲ್ಲಿನ ಗುಡಿಯ ಮದನಿಕೆಯರಿಗೇ (ಶಿಲಾಬಾಲಿಕೆಯರು) ಅರ್ಧ ದಿನ ಬೇಕು, ಇಲ್ಲಿ ಸಂಜೆಯ ಬೆಳಕು ಬಿಟ್ಟು ಓಡಿದರೆ ಎರಡೂ ಕೈತಪ್ಪುತ್ತವೆ. ಉಳಿಯುವುದಾದರೆ ಹಳೇಬೀಡಿನಲ್ಲೇ ಪ್ರವಾಸೋದ್ಯಮ ನಿಗಮದ ಮಯೂರ ಶಾಂತಲಾ ಇದೆ, ಮೊದಲೇ ಕಾಯ್ದಿರಿಸಿ ಮರುದಿನ ಬೇಲೂರಿಗೆ ಹೋಗಿ. ಹಾಸನಕ್ಕೆ ವಾಪಸಾಗುವವರು ಐದೂವರೆಗೆ ಗೋಡೆ ಬಿಟ್ಟು ಬೆಳಿಗ್ಗೆ ಬರೆದುಕೊಂಡ ಹೊತ್ತಿನ ಬಸ್ಸಿಗೆ ನಿಲ್ದಾಣ ಸೇರಿಕೊಳ್ಳಿ.