ದೇವರಿಗೊಂದು ಉತಾರ

ಬಾಗಲಕೋಟೆ ಕೋರ್ಟಿನಲ್ಲಿ ನನ್ನ ಕೈಗೆ ಬರುವ ಕೇಸು ಜಾಸ್ತಿ ಜಮೀನಿನವೇ. ಆಸ್ತಿ ಪಾಲಿನ ವಾಟ್ನಿ ದಾವೆ, ಹೊಲದ ಗಡಿಯ ಬಾಂದಿನ ತಕರಾರು, ಆಲಮಟ್ಟಿ ಹಿನ್ನೀರಿಗೆ ಹೋದ ಹೊಲದ ಪರಿಹಾರ. ಹಳೇ ಮೂರ್ತಿಗಳ ಕಾನೂನನ್ನು ಕೂತು ಓದಿದ್ದು ಒಂದು ಎಫ್‌ಐಆರ್ ನೋಡಿದ ಮೇಲೆ. ಗುಡಿಯಲ್ಲಿ ಮೂರ್ತಿ ಕಳುವಾಗಿದೆ ಅಂತ ಪಕ್ಕದ ತಾಲೂಕಿನ ಊರವರು ಆ ಎಫ್‌ಐಆರ್ ತಂದು ತೋರಿಸಿದ್ದರು. ಮೂರ್ತಿ ಹೇಗಿತ್ತು ಅನ್ನೋದಕ್ಕೆ ಅದರಲ್ಲಿ ಇದ್ದದ್ದು ಒಂದೇ ಸಾಲು: ಸುಮಾರು ಎರಡು ಫೂಟು ಎತ್ತರದ ಕಲ್ಲಿನ ಹಳೇ ದೇವರು. ಫೋಟೋ ಇದೆಯಾ ಅಂತ ಕೇಳಿದೆ. ಯಾರದೋ ಮದುವೆಯದೊಂದು ಕೊಟ್ಟರು. ಮುಂದೆ ಗಂಡು-ಹೆಣ್ಣು ನಿಂತಿದ್ದಾರೆ. ಹಿಂದೆ ದೇವರಿದ್ದಾನೆ, ಆದರೆ ಕಾಣೋದು ಮಡಿಬಟ್ಟೆ, ಬೆಳ್ಳಿ ಕಣ್ಣು, ಹೂವಿನ ರಾಶಿ. ಕಲ್ಲು ಎಲ್ಲೂ ಕಾಣಲ್ಲ.

ಆ ಮೂರ್ತಿ ನಾಳೆ ಮುಂಬೈನ ಯಾವುದೋ ಗೋದಾಮಿನಲ್ಲಿ ಸಿಕ್ಕಿತು ಅಂದ್ಕೊಳ್ಳಿ. ಅದು ನಮ್ಮದೇ ಅಂತ ಸಾಬೀತು ಮಾಡೋದು ಹೇಗೆ? ಊರವರು ನೋಡಿದ ಕೂಡಲೇ ಗುರುತು ಹಿಡೀತಾರೆ, ಅದು ನಿಜ. ಆದರೆ ಎದುರು ವಕೀಲರು ಪಾಟಿ ಸವಾಲಿನಲ್ಲಿ ಎರಡೇ ಪ್ರಶ್ನೆ ಕೇಳಿ ಅವರ ಬಾಯಿ ಕಟ್ಟಿಸ್ತಾರೆ. ಆ ಕೆಲಸ ನಾನೂ ಮಾಡಿದವಳೇ, ಅದಕ್ಕೇ ಗೊತ್ತು.

ಹೀಗಾಗಿ ಹುನಗುಂದ ತಾಲೂಕಿನ ನನ್ನ ತವರೂರಿನ ಈಶ್ವರ ಗುಡಿಯಲ್ಲಿ ಇರೋದನ್ನೆಲ್ಲ, ಏನೂ ಆಗೋಕೆ ಮುಂಚೆಯೇ, ದಾಖಲೆ ಮಾಡಿಸೋದು ಅಂತ ಹೊರಟೆ. ನಮ್ಮೂರಿನಿಂದ ಐಹೊಳೆ ದೂರ ಇಲ್ಲ. ಅಲ್ಲಿ ಬೇಲಿ ಇದೆ, ಕಾವಲುಗಾರ ಇದ್ದಾನೆ, ನೀಲಿ ಬೋರ್ಡ್ ಇದೆ. ಆ ಬೋರ್ಡಿನ ಹಿಂದೆ ಇರೋದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ. ರಾಜ್ಯ ಸರ್ಕಾರದ್ದು ಬೇರೆ ಕಾಯ್ದೆ ಇದೆ, 1961ರದ್ದು. ಎರಡೂ ಕಾಯೋದು ಪಟ್ಟಿಯಲ್ಲಿ ಹೆಸರಿರುವ ಸ್ಮಾರಕಗಳನ್ನು. ನಮ್ಮ ಗುಡಿ ಯಾವ ಪಟ್ಟಿಯಲ್ಲೂ ಇಲ್ಲ. ಮಲಪ್ರಭೆಯ ಎರಡೂ ದಂಡೆಗೆ ನಮ್ಮಂಥ ಊರುಗಳೇ ಜಾಸ್ತಿ. ಊರಿಗೊಂದು ಹಳೇ ಗುಡಿ, ಗುಡಿಗೆ ಒಂದು ತಗಡಿನ ಬಾಗಿಲು, ಅದಕ್ಕೊಂದು ಸಣ್ಣ ಕೀಲಿ.

ಪಟ್ಟಿಯಲ್ಲಿ ಇಲ್ಲದ ಗುಡಿಯ ಮೂರ್ತಿಗೂ ಅನ್ವಯ ಆಗುವ ಕಾನೂನು ಒಂದಿದೆ. ಅದು 1972ರ ಪುರಾವಸ್ತು ಮತ್ತು ಕಲಾ ಸಂಪತ್ತು ಕಾಯ್ದೆ, ಜಾರಿಗೆ ಬಂದಿದ್ದು 1976ರಲ್ಲಿ. ನೂರು ವರ್ಷ ದಾಟಿದ ಮೂರ್ತಿ, ಚಿತ್ರ, ನಾಣ್ಯ, ಶಾಸನ ಎಲ್ಲ ಪುರಾವಸ್ತು. ಹಸ್ತಪ್ರತಿಗೆ 75 ವರ್ಷ ಆದರೆ ಸಾಕು. ಕಟ್ಟಡದಿಂದ ಕಳಚಿ ಬಂದ ಕೆತ್ತನೆ ಕಲ್ಲೂ ಇದರಲ್ಲಿ ಸೇರುತ್ತೆ. ಇಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ. ಕಳಿಸಿದರೆ ಕನಿಷ್ಠ ಆರು ತಿಂಗಳು, ಗರಿಷ್ಠ ಮೂರು ವರ್ಷ ಜೈಲು, ಮೇಲೆ ದಂಡ. ಲೈಸೆನ್ಸ್ ಇಲ್ಲದೆ ದೇಶದೊಳಗೆ ವ್ಯಾಪಾರವನ್ನೂ ಮಾಡೋ ಹಾಗಿಲ್ಲ. ಕಲ್ಲು, ಲೋಹ, ಸುಟ್ಟ ಮಣ್ಣಿನ ಮೂರ್ತಿಗಳು ಯಾರ ಸುಪರ್ದಿಯಲ್ಲಿ ಇವೆಯೋ ಅವರು ನೋಂದಣಿ ಮಾಡಿಸಲೇಬೇಕು. ಇದು ಕಡ್ಡಾಯ. ನಮ್ಮ ಕಡೆ ಗುಡಿ ಕಮಿಟಿಯವರಲ್ಲಿ ಎಷ್ಟು ಜನರಿಗೆ ಗೊತ್ತು ಅಂತ ಮಾತ್ರ ಕೇಳಬೇಡಿ.

ದೈವದವರನ್ನು, ಅಂದರೆ ಊರ ಹಿರಿಯರನ್ನು, ಗುಡಿ ಕಟ್ಟೆಗೆ ಕೂಡಿಸಿ ಇದನ್ನೆಲ್ಲ ಹೇಳಿದೆ. ಎಲ್ಲರೂ ಸುಮ್ನೆ ಕೇಳಿದರು. ಆಮೇಲೆ ಹಿರಿಯರೊಬ್ಬರು ತಂಬಾಕು ಉಗುಳಿ ಬಂದು ಅಂದರು: “ತಂಗಿ, ನೀ ಹೇಳೂದೆಲ್ಲಾ ಖರೇ ಐತಿ. ಆದ್ರ ಬರಸಿದ ಮ್ಯಾಲ ಸರ್ಕಾರದವ್ರು ಬಂದು ದೇವ್ರನ್ನ ಮ್ಯೂಜಿಯಂಗೆ ಒಯ್ದ್ರ?”

ಇದು ಸುಮ್ಮನೆ ಹುಟ್ಟಿದ ಭಯ ಅಲ್ಲ. ಕಾಯ್ದೆಯ 19ನೇ ಕಲಮಿನಲ್ಲಿ ಕೇಂದ್ರ ಸರ್ಕಾರಕ್ಕೆ ಪುರಾವಸ್ತುವನ್ನು ವಶಕ್ಕೆ ತಗೊಳ್ಳೋ ಅಧಿಕಾರ ಇದೆ. ಆದರೆ ಅದೇ ಕಲಮಿನ ಕೊನೆಯಲ್ಲಿ ಇನ್ನೊಂದು ಮಾತೂ ಇದೆ. ಪೂಜೆ-ಪುನಸ್ಕಾರಕ್ಕೆ ಪ್ರಾಮಾಣಿಕವಾಗಿ ಬಳಕೆಯಲ್ಲಿರುವ ವಸ್ತುವಿಗೆ ಈ ಅಧಿಕಾರ ನಡೆಯಲ್ಲ. ಪುಸ್ತಕ ತಗೊಂಡೇ ಹೋಗಿದ್ದೆ. ಸಾಲಿನ ಮೇಲೆ ಬೆರಳಿಟ್ಟು ಅರ್ಥ ಬಿಡಿಸಿ ಹೇಳಿದೆ. ಆದರೂ ಅವರು ಒಪ್ಪಿದ್ದು ಕಲಮು ಕೇಳಿ ಅಲ್ಲ. “ಹೊಲಕ್ಕ ಉತಾರ ಐತಿ, ಮನಿಗೆ ಉತಾರ ಐತಿ. ಉತಾರದಾಗ ಹೆಸರು ಬಂತು ಅಂತ ಸರ್ಕಾರ ಹೊಲಾ ಕಸಕೊಂಡೈತೇನು? ದೇವ್ರಿಗೂ ಒಂದು ಉತಾರ ಮಾಡಸೂಣು” ಅಂದೆ. ಉತಾರ ಅಂದರೆ ಆಸ್ತಿಯ ಸರ್ಕಾರಿ ದಾಖಲೆ, ಪಹಣಿ ಇದ್ದ ಹಾಗೆ. ಆ ಮಾತು ನಾಟಿತು. ಅಲ್ಲೇ ಠರಾವು ಬರೆದೆವು. ಅರ್ಜಿಗೆ ಸಹಿ ಯಾರದು, ಮೂಲ ಕಾಗದ ಯಾರ ಹತ್ತಿರ, ಎಲ್ಲ ಅದರಲ್ಲೇ ಬಂತು. ಠರಾವು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ನಾಳೆ ಕಮಿಟಿಯಲ್ಲಿ ಎರಡು ಪಾರ್ಟಿ ಆದರೆ ಮೊದಲು ಹರಿದು ಹೋಗೋದು ನಿಮ್ಮ ಅರ್ಜಿ.

ಇನ್ನು ಫೋಟೋ. ಗರ್ಭಗುಡಿಯೊಳಗೆ ನಾನು ಹೋಗೋ ಹಾಗಿಲ್ಲ. ಆ ಜಗಳವನ್ನು ಈ ಕೆಲಸದ ಜೊತೆ ಕಟ್ಟೋದು ಬೇಡ ಅನ್ನಿಸಿತು. ಪೂಜಾರಿ ಕಾಕಾನ ಕೈಗೇ ಟೇಪು ಕೊಟ್ಟೆ. ನಾನು ಹೊಸ್ತಿಲ ಹೊರಗೆ ಕ್ಯಾಮೆರಾ ಹಿಡಿದು ಕೂತೆ. ಮುಂಜಾನೆ ಅಭಿಷೇಕ ಮುಗಿದು ಮಡಿಬಟ್ಟೆ ಉಡಿಸೋಕೆ ಮುಂಚೆ ಸ್ವಲ್ಪ ಹೊತ್ತು ಕಲ್ಲು ಬರೀ ಕಲ್ಲಾಗಿ ಇರುತ್ತಲ್ಲ, ಕೆಲಸ ಆಗೋದು ಅಷ್ಟರಲ್ಲೇ. ಫ್ಲ್ಯಾಶ್ ಹಾಕಿದರೆ ಎಣ್ಣೆ ಜಿಡ್ಡು ಹೊಳೆದು ಕೆತ್ತನೆಯೆಲ್ಲ ಸಪಾಟಾಗಿ ಕಾಣುತ್ತೆ. ಇಬ್ಬರು ಹುಡುಗರು ಬಾಗಿಲ ಹತ್ತಿರ ಬಿಳಿ ಧೋತರ ಅಗಲಿಸಿ ಹಿಡಿದರು. ಬಿಸಿಲು ಅದಕ್ಕೆ ಬಡಿದು ಮೆತ್ತಗೆ ಒಳಗೆ ಹೋಯಿತು. ಮೂರ್ತಿಯ ಪಕ್ಕ ಒಂದು ಸ್ಕೇಲು, ಅಳತೆಗೆ. ಮುಂದೆ, ಎಡ, ಬಲ, ಸಿಗುವಷ್ಟು ಹಿಂದೆ.

ಎಲ್ಲಕ್ಕಿಂತ ಮುಖ್ಯ, ಮುಕ್ಕಾದ ಜಾಗದ ಫೋಟೋ. ಇದಕ್ಕೆ ಕಾಕಾ ಒಪ್ಪಲೇ ಇಲ್ಲ. “ದೇವರ ಊನ ಯಾಕ ತಗೀತಿ, ಚಂದ ಇದ್ದದ್ದು ತಗಿ” ಅಂತ ಅವರ ವಾದ. ಆದರೆ ನಾಲ್ಕು ಕೈಯ ಉಮಾಮಹೇಶ್ವರ ನಮ್ಮ ಜಿಲ್ಲೆಯಲ್ಲೇ ಎಷ್ಟಿಲ್ಲ? ಉಮೆಯ ಮೂಗಿನ ತುದಿ ಹಾರಿ, ಮಹೇಶ್ವರನ ತ್ರಿಶೂಲದ ಬಲಗಡೆ ಮೊನೆ ಓರೆಯಾಗಿ ಸೀಳಿ, ಕೆಳಗಿನ ನಂದಿಯ ಎಡಗಿವಿ ಅರ್ಧ ಉಳಿದದ್ದು ಇದೊಂದೇ. ಕೆತ್ತನೆಯನ್ನು ನಕಲು ಮಾಡಬಹುದು. ಕಲ್ಲು ಒಡೆದ ಮೈಯನ್ನು ಹಾಗೇ ನಕಲು ಮಾಡೋದು ಬಲು ಕಷ್ಟ. ಜಗತ್ತಿನಾದ್ಯಂತ ಮ್ಯೂಸಿಯಂ ಮತ್ತು ಪೊಲೀಸರು ಬಳಸೋ ‘ಆಬ್ಜೆಕ್ಟ್ ಐಡಿ’ ಅನ್ನೋ ನಮೂನೆಯಲ್ಲೂ ಹೀಗೆ ಗುರುತು ಹತ್ತುವ ಗಾಯ, ಕಲೆ, ತೇಪೆಗಳಿಗೆ ಬೇರೆಯೇ ಕಾಲಂ ಇದೆ. ಇದನ್ನು ಬಿಡಿಸಿ ಹೇಳಿದ ಮೇಲೆ ಕಾಕಾನೇ ಪಲ್ಲಕ್ಕಿ ಮೂರ್ತಿಯನ್ನು ಮಗುಚಿ, ಪೀಠದ ಅಡಿಯಲ್ಲಿದ್ದ ಹಳೇ ಬೆಸುಗೆ ತೋರಿಸಿದರು. ಅವರ ಅಜ್ಜನ ಕಾಲದ್ದಂತೆ. ಆ ಲೋಹದ ಮೂರ್ತಿಯನ್ನು ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಗ್ರಾಂ ಸಮೇತ ಬರೆದುಕೊಂಡೆವು.

ಗುಡಿ ಗೋಡೆಗೆ ಆನಿಸಿಟ್ಟ ಒಂದು ಉದ್ದನೆ ಕಲ್ಲಿದೆ. ಊರ ಹೆಂಗಸರು ಏಳುಮಕ್ಕಳ ತಾಯಿ ಅಂತ ಅರಿಷಿಣ-ಕುಂಕುಮ ಏರಿಸ್ತಾರೆ. ಎಣ್ಣೆ ಕುಡಿದು ಕುಡಿದು ಡಾಂಬರಿನ ಹಾಗೆ ಕಪ್ಪಾಗಿದೆ. ತೊಳೆಯೋಣ ಅಂತ ಹುಡುಗನೊಬ್ಬ ಹುಣಸೆಹಣ್ಣು, ತಂತಿ ಬ್ರಷ್ ತಂದ. ನಾನು ಬೇಡ ಅಂದೆ. ಉಜ್ಜಿದರೆ ಜಿಡ್ಡಿನ ಜೊತೆ ಮೂಗು, ಬೆರಳೂ ಹೋಗುತ್ತೆ. ಒಣ ಅರಿವೆಯಿಂದ ಮೆಲ್ಲಗೆ ಒರೆಸಿ, ಕತ್ತಲಾದ ಮೇಲೆ ಬ್ಯಾಟರಿಯನ್ನು ಕಲ್ಲಿನ ಪಕ್ಕದಿಂದ, ಮೈಗೆ ತಾಗುವ ಹಾಗೆ ಹಿಡಿದೆವು. ಓರೆ ಬೆಳಕಿಗೆ ಸಪ್ತಮಾತೃಕೆಯರು, ಅಂದರೆ ಏಳು ತಾಯಿ ದೇವತೆಯರು, ಒಬ್ಬೊಬ್ಬರಾಗಿ ಎದ್ದು ಬಂದರು. ಕಾಲ ಕೆಳಗೆ ಹಂಸ, ಹೋರಿ, ನವಿಲು. ಒಂದು ಕಡೆ ಬರೀ ಉಬ್ಬಾಗಿ ಕಾಣುತ್ತಿದ್ದದ್ದು ಆನೆ ಸೊಂಡಿಲು ಅಂತ ಗೊತ್ತಾಯಿತು, ಅಂದರೆ ಆಕೆ ಆನೆ ವಾಹನದ ಐಂದ್ರಿ. ದಿನಾ ಪೂಜೆ ಮಾಡೋ ಕಾಕಾ ಆ ಸೊಂಡಿಲನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದರು.

ವಿವರ ಬರೆಯುವಾಗ ಒಂದು ಎಚ್ಚರ. ನಮ್ಮ ಕಡೆ ಹಳೇ ಕಲ್ಲು ಯಾವುದು ಸಿಕ್ಕರೂ ಬಾದಾಮಿ ಚಾಲುಕ್ಯರದ್ದು ಅಂತ ಬರೆಯೋ ಚಟ ಇದೆ. ಬರೆಯಬೇಡಿ. ಕಾಣೋದನ್ನಷ್ಟೇ ಬರೆಯಿರಿ. ಕೆಂಪು ಮರಳುಗಲ್ಲೋ ಬಳಪದ ಕಲ್ಲೋ, ಕೈ ಎಷ್ಟು, ಯಾವ ಕೈಯಲ್ಲಿ ಏನಿದೆ, ಏನು ಮುರಿದಿದೆ. ಪುರಾವಸ್ತು ಹೌದೋ ಅಲ್ಲವೋ ಅನ್ನೋ ಪ್ರಶ್ನೆ ಬಂದರೆ ತೀರ್ಮಾನ ಕೊಡೋದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರು ಅಥವಾ ಅವರು ಅಧಿಕಾರ ಕೊಟ್ಟವರು. ನಾವಲ್ಲ.

ಇಷ್ಟೆಲ್ಲ ಫೋಟೋ ಯಾಕೆ ಅನ್ನೋರಿಗೆ ತಮಿಳುನಾಡಿನ ಶ್ರೀಪುರಂತಾನ್ ನಟರಾಜನ ಕತೆ ಹೇಳ್ತೀನಿ. ಅರಿಯಲೂರು ಜಿಲ್ಲೆಯ ಹಳ್ಳಿ ಗುಡಿಯಿಂದ ಕಳುವಾದ ಕಂಚಿನ ಮೂರ್ತಿ ಅದು. 2008ರಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ 50 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಮಾರಿದವನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್. 1972ರ ಕಾಯ್ದೆ ಬರೋಕೆ ಮುಂಚೆಯೇ ಮೂರ್ತಿ ಭಾರತ ಬಿಟ್ಟಿತ್ತು ಅಂತ ಕಾಗದ ಹುಟ್ಟಿಸಿದ್ದರು. ಆ ಕಾಗದವನ್ನು ಸುಳ್ಳು ಮಾಡಿದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಇಟ್ಟಿದ್ದ ಫೋಟೋ. ಆ ಗುಡಿಯಲ್ಲೇ, ಕಾಯ್ದೆ ಬಂದು ಎಷ್ಟೋ ವರ್ಷ ಆದ ಮೇಲೆ ತೆಗೆದದ್ದು. ಕಪೂರ್ 2011ರಲ್ಲಿ ಜರ್ಮನಿಯಲ್ಲಿ ಸಿಕ್ಕಿಬಿದ್ದ. ನಟರಾಜ 2014ರ ಸೆಪ್ಟೆಂಬರಿನಲ್ಲಿ ವಾಪಸ್ ಬಂದ. ಯಾರೋ ಸಂಶೋಧಕರು ಬಂದು ತೆಗೆದ ಫೋಟೋ ಆ ಊರಿಗೆ ದಕ್ಕಿತು. ಎಲ್ಲ ಊರಿಗೂ ಅಂಥವರು ಬರಲ್ಲ ಅಲ್ವಾ?

ಗುಡಿ ಕೆಲಸ ನಡೀತಿರುವಾಗಲೇ ಕೆರೆ ದಂಡೆಯ ಕಲ್ಲಿನ ಮಾತು ಬಂತು. ಬಟ್ಟೆ ಒಗೆಯೋ ಕಲ್ಲು ಅದು. ಅದರ ಅಂಚಿಗೆ ಕೆತ್ತನೆಯ ಗೆರೆ ಇದೆ ಅಂತ ದನ ಕಾಯೋ ಹುಡುಗ ಹೇಳಿದ. ಅಲ್ಲಿ ಒಗೀತಿದ್ದ ಅಕ್ಕನಿಗೆ ಕೇಳಿದರೆ, “ನಮ್ಮತ್ತಿ ಕಾಲದಿಂದ ಇದರ ಮ್ಯಾಲೇ ಒಗಿತೀವ್ರಿ, ಇದನ್ನ ಒಯ್ದ್ರ ನಾವೆಲ್ಲಿ ಒಗೀಬೇಕು?” ಅಂದಳು. ನ್ಯಾಯವಾದ ಮಾತೇ. ಇಳಕಲ್ಲಿನ ಗ್ರಾನೈಟ್ ಫ್ಯಾಕ್ಟರಿಯಿಂದ ಒಂದು ವೇಸ್ಟ್ ಹಾಸುಗಲ್ಲು ತರಿಸಿ ಹಾಕಿದ ಮೇಲೆಯೇ ಹಳೇದಕ್ಕೆ ಹಾರಿ ಹಾಕಿದ್ದು. ಮಗುಚಿದರೆ ಪೂರಾ ವೀರಗಲ್ಲು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗೋ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಆತ. ಮುಖ ಕೆಳಗಾಗಿ ಕೆಸರಿನಲ್ಲಿ ಇದ್ದದ್ದೇ ಒಳ್ಳೇದಾಯಿತು, ಕೆತ್ತನೆ ಗಟ್ಟಿಯಾಗಿ ಉಳಿದಿದೆ. ಈಗ ಗುಡಿ ಅಂಗಳದಲ್ಲಿ ನಿಲ್ಲಿಸಿದ್ದೇವೆ. ಪಟ್ಟಿಗಳ ನಡುವೆ ಸಾಲು ಅಕ್ಷರ ಇವೆ. ಸುಣ್ಣ ತುಂಬಿ ಓದೋಕೆ ಹೋಗಬೇಡಿ, ಅಚ್ಚು ತೆಗೆಯೋಕೆ ಬಲ್ಲವರು ಬರಲಿ ಅಂತ ಹುಡುಗರಿಗೆ ಹೇಳಿಟ್ಟಿದ್ದೇನೆ.

ವೀರಗಲ್ಲು ಎದ್ದ ಸುದ್ದಿ ಹಬ್ಬಿದ ಕೂಡಲೇ ಅದರ ಕೆಳಗೆ ನಿಧಿ ಇತ್ತಂತೆ ಅನ್ನೋ ಗುಸುಗುಸು ಶುರುವಾಯಿತು. ನಮ್ಮ ಭಾಗದಲ್ಲಿ ನಂದಿಯ ಹೊಟ್ಟೆ ಸೀಳೋದು, ಲಿಂಗ ಕೀಳೋದು ಎಲ್ಲ ಈ ನಿಧಿ ಹುಚ್ಚಿನಿಂದಲೇ. ನೆಲದಲ್ಲಿ ನಿಜವಾಗಿ ನಿಧಿ ಸಿಕ್ಕರೆ ಅದಕ್ಕೆ ಕರ್ನಾಟಕದ್ದೇ 1962ರ ಕಾಯ್ದೆ ಇದೆ, ಸರ್ಕಾರಕ್ಕೆ ತಿಳಿಸದೆ ಇಟ್ಟುಕೊಳ್ಳೋದು ಅಪರಾಧ. ಇದನ್ನು ಗುಡಿ ಮೈಕಿನಲ್ಲೇ ಹೇಳಿಸಿದೆ. ಇನ್ನೊಂದು, ಫೋಟೋಗಳನ್ನು ಊರ ವಾಟ್ಸಾಪ್ ಗುಂಪಿಗೆ ಹಾಕೋಕೆ ಬಿಡಲಿಲ್ಲ. ಫೋನಿನಲ್ಲಿ ತೆಗೆದ ಫೋಟೋದೊಳಗೆ ಜಾಗದ ಗುರುತೂ ಕೂತಿರಬಹುದು. ಕಳ್ಳನಿಗೆ ದಾರಿ ನಾವೇ ಯಾಕೆ ತೋರಿಸಬೇಕು?

ಅರ್ಜಿಯ ಕೆಲಸದಲ್ಲಿ ಬರೆಯುವಂಥದ್ದು ಜಾಸ್ತಿ ಇಲ್ಲ. ಬಾಗಲಕೋಟೆ ಜಿಲ್ಲೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತಕ್ಕೆ ಸೇರುತ್ತೆ. ನಮೂನೆ ತುಂಬಿ, ಫೋಟೋ ಅಂಟಿಸಿ, ಠರಾವಿನ ನಕಲು ಹಚ್ಚಿ ನೋಂದಣಿ ಅಧಿಕಾರಿಗೆ ಕೊಡೋದು. ಅವರು ವಿಚಾರಣೆ ಮಾಡಿ ಪ್ರಮಾಣಪತ್ರ ಕೊಡ್ತಾರೆ. ಒಂದೊಂದು ಮೂರ್ತಿಗೆ ಒಂದೊಂದು ಅರ್ಜಿ. ಪಲ್ಲಕ್ಕಿ ಮೂರ್ತಿಯದು ಮೊದಲು ಹಾಕಿದೆವು, ಎತ್ತಿಕೊಂಡು ಹೋಗೋಕೆ ಸುಲಭ ಇರೋದೇ ಅದು. ಅದರ ಪ್ರಮಾಣಪತ್ರ ಬಂದಿದೆ. ಉಳಿದವು ನಡೀತಿವೆ. ಕೈ ಬದಲಾದರೂ ತಿಳಿಸಬೇಕು ಅಂತ ಕಾಯ್ದೆ ಹೇಳುತ್ತೆ. ಗುಡಿ ಮೂರ್ತಿ ಕೈ ಬದಲಾಗಲ್ಲ, ಆದರೆ ಮನೆಯಲ್ಲಿ ಹಳೇ ಮೂರ್ತಿ ಇಟ್ಟುಕೊಂಡವರು ವಾಟ್ನಿ ಆದಾಗ ಇದನ್ನು ಮರೀಬಾರದು.

ಒಂದು ಸೆಟ್ ಫೋಟೋವನ್ನು ಪೊಲೀಸ್ ಸ್ಟೇಶನ್ನಿಗೂ ಕೊಟ್ಟು ಸ್ವೀಕೃತಿ ತಗೊಂಡೆ. ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ, ಅಂದರೆ 2024ರ ಜುಲೈ 1ರಿಂದ, ಪೂಜಾ ಸ್ಥಳದ ಮೂರ್ತಿ ಕಳವನ್ನು 305ನೇ ಕಲಮಿನಲ್ಲಿ ಹೆಸರಿಟ್ಟೇ ಹೇಳಿದ್ದಾರೆ. ಏಳು ವರ್ಷದವರೆಗೆ ಶಿಕ್ಷೆ. ಮೂರ್ತಿ ಕಳುವಾದರೆ ದೂರಿನಲ್ಲಿ ಈ ಕಲಮು ಬರಲಿ, ಅದರ ಜೊತೆ ಪುರಾವಸ್ತು ಕಾಯ್ದೆಯ ನೋಂದಣಿ ಸಂಖ್ಯೆಯೂ ಬರಲಿ. ಆಗ ‘ಎರಡು ಫೂಟಿನ ಹಳೇ ದೇವರು’ ಅಂತ ಬರೆಯೋ ಪ್ರಸಂಗ ಬರಲ್ಲ.

ಈಗ ಬಂದಿರೋ ತಲೆನೋವು ಕಳ್ಳರದ್ದಲ್ಲ, ಭಕ್ತರದ್ದು. ಈ ಸಲದ ಜಾತ್ರೆಗೆ ಗುಡಿಗೆ ಟೈಲ್ಸ್ ಹಾಕಿಸಿ, ಕಲ್ಲಿಗೆಲ್ಲ ಗ್ರೈಂಡರ್ ಹೊಡೆದು ಆಯಿಲ್ ಪೇಂಟ್ ಬಳಿಸ್ತೀವಿ ಅಂತ ಹುಬ್ಬಳ್ಳಿಯಲ್ಲಿ ನೆಲೆಸಿರುವ ನಮ್ಮೂರಿನ ದಾನಿಗಳು ರೊಕ್ಕ ಎತ್ತಿದ್ದಾರೆ. ಗ್ರೈಂಡರ್ ಹೊಡೆದರೆ ಉಮೆಯ ಮೂಗೂ ಫೋಟೋದ ಮೂಗೂ ಒಂದಕ್ಕೊಂದು ತಾಳೆ ಆಗಲ್ಲ, ನಾವು ಮಾಡಿದ ದಾಖಲೆಗೆ ಅರ್ಥವೇ ಇರಲ್ಲ. ಟೈಲ್ಸ್ ಬೇಕಾದ್ರೆ ಹೊರಗಿನ ಕಟ್ಟೆಗೆ ಹಾಕಲಿ, ಮೂರ್ತಿಗೆ ಮಾತ್ರ ಯಾರೂ ಕೈ ಹಚ್ಚಬಾರದು ಅಂತ ಪೂಜಾರಿ ಕಾಕಾ ಪಟ್ಟು ಹಿಡಿದಿದ್ದಾರೆ. ಸೋಮವಾರ ದೈವದವರು ಮತ್ತೆ ಕೂಡ್ತಾರೆ. ಈ ಸಲದ ಠರಾವನ್ನು ನಾನು ಮೊದಲೇ ಟೈಪು ಮಾಡಿಸಿ ಇಟ್ಟಿದ್ದೇನೆ.