ಲಿಪ್‌ಸ್ಟಿಕ್ ಗಿಡಕ್ಕೆ ಕೆಮ್ಮಣ್ಣು ತುಂಬಬೇಡಿ

ಜಗಲಿಯಲ್ಲಿ ತೂಗುಹಾಕಲು ನರ್ಸರಿಯಿಂದ ತಂದ ಲಿಪ್‌ಸ್ಟಿಕ್ ಗಿಡ ಮಲೆನಾಡಿನಲ್ಲಿ ಮೊದಲ ಮಳೆಗಾಲವನ್ನೇ ದಾಟದೆ ಕೊಳೆಯುವುದುಂಟು. ದೋಷ ಬಹುಪಾಲು ಕುಂಡದ ಮಣ್ಣಿನದು. ಈಸ್ಕಿನಾಂತಸ್ ಕುಲದ ಈ ಬಳ್ಳಿಗಳು ಏಷ್ಯಾದ ಮಳೆಕಾಡುಗಳಲ್ಲಿ ಮರದ ಕೊಂಬೆಗಳ ಮೇಲೆ, ಪಾಚಿ ಮತ್ತು ದರಗಿನ ನಡುವೆ ಬೇರು ಬಿಟ್ಟು ಬದುಕುವಂಥವು. ನಮ್ಮ ಪಶ್ಚಿಮಘಟ್ಟದಲ್ಲೂ ಪೆರೊಟೆಟಿ ಎಂಬ ಪ್ರಭೇದ ಹೀಗೇ ಮರದ ಮೇಲೆ ಕೆಂಪು ಹೂ ಬಿಡುತ್ತದೆ. ಅದನ್ನು ಕಾಡಿನಲ್ಲೇ ಬಿಡಿ, ಮನೆಗೆ ನರ್ಸರಿಯಲ್ಲಿ ಸಿಗುವ ರ‍್ಯಾಡಿಕಾನ್ಸ್ ಪ್ರಭೇದ ಸಾಕು. ಕೊಂಬೆಯ ಮೇಲೆ ಎಷ್ಟು ಮಳೆ ಹೊಯ್ದರೂ ನೀರು ನಿಲ್ಲುವುದಿಲ್ಲ, ಬೇರಿಗೆ ಗಾಳಿ ತಪ್ಪುವುದಿಲ್ಲ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಗಟ್ಟಿಯಾಗಿ ತುಂಬಿದ ಕುಂಡದಲ್ಲಿ ಬೇರು ಉಸಿರುಕಟ್ಟಿ ಸಾಯುತ್ತದೆ.

ಮಿಶ್ರಣ ಮತ್ತು ಕುಂಡ

ಬೆರಳುಗುರಿನಷ್ಟು ದೊಡ್ಡದಾಗಿ ಕತ್ತರಿಸಿದ ತೆಂಗಿನ ಸಿಪ್ಪೆಯ ಚೂರು 2 ಪಾಲು. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಇದ್ದಿಲ ಚೂರು, ಚೆನ್ನಾಗಿ ಕಳಿತ ಎಲೆಗೊಬ್ಬರ ತಲಾ 1 ಪಾಲು. ತೆಂಗಿನ ಸಿಪ್ಪೆಯನ್ನು ಎರಡು ದಿನ ನೆನೆಹಾಕಿ, ಕಂದು ನೀರನ್ನು ಎರಡು ಮೂರು ಸಲ ಚೆಲ್ಲಿ ತೊಳೆಯಿರಿ. ಅದರ ಒಗರು ಮತ್ತು ಉಪ್ಪು ಹೋಗಬೇಕು. ಸಿದ್ಧ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗದೆ ಉದುರಬೇಕು. 5–6 ಇಂಚಿನ ಕುಂಡ ಸಾಕು. ದೊಡ್ಡ ಕುಂಡದಲ್ಲಿ ಬೇರು ತಲುಪದ ಕಡೆ ತೇವ ಉಳಿದು ಕೊಳೆ ಶುರುವಾಗುತ್ತದೆ. ಬೇರು ತುಸು ಇಕ್ಕಟ್ಟಾಗಿದ್ದಾಗಲೇ ಹೂ ಹೆಚ್ಚು.

ಬಳ್ಳಿ ನೆಡುವುದು

ಮಳೆ ಹಿಂದೆ ಸರಿದ ಅಕ್ಟೋಬರ್ ಅಥವಾ ಚಳಿ ಕಳೆದ ಫೆಬ್ರವರಿ ಒಳ್ಳೆಯ ಕಾಲ. ಮೊಗ್ಗಿಲ್ಲದ ಕುಡಿಯನ್ನು 4–5 ಇಂಚು ಉದ್ದಕ್ಕೆ, ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಕೆಳಗಿನ ಎರಡು ಗೆಣ್ಣುಗಳ ಎಲೆ ತೆಗೆದು, ಆ ಗೆಣ್ಣುಗಳು ಹೂತುಹೋಗುವಂತೆ ಊರಿ. ಬೇರು ಹೊರಡುವುದು ಗೆಣ್ಣಿನಿಂದಲೇ. ಒಂದೇ ಕುಂಡದಲ್ಲಿ ನಾಲ್ಕೈದು ತುಂಡು ನೆಟ್ಟರೆ ತುಂಬಿ ಇಳಿಬೀಳುತ್ತದೆ. ನೆರಳಲ್ಲಿಟ್ಟು ತೇವ ಆರದಂತೆ ನೋಡಿಕೊಂಡರೆ ಸುಮಾರು ಒಂದು ತಿಂಗಳಲ್ಲಿ ಬೇರು ಬರುತ್ತದೆ. ಮೆಲ್ಲಗೆ ಎಳೆದಾಗ ತಡೆ ಸಿಕ್ಕರೆ ಹಿಡಿದಿದೆ ಎಂದರ್ಥ.

ನೀರು, ಮಳೆಗಾಲ

ಇಲ್ಲೇ ಹೆಚ್ಚು ಗಿಡ ಹೋಗುವುದು. ದಿನಕ್ಕೊಂದು ಚೊಂಬು ಎಂಬ ಲೆಕ್ಕ ಇಡಬೇಡಿ. ಮೇಲಿನ ಒಂದು ಇಂಚು ಆರಿ, ಕುಂಡ ಎತ್ತಿದಾಗ ಹಗುರ ಅನಿಸಿದರೆ ಮಾತ್ರ ತಳದಿಂದ ಸೋರುವಷ್ಟು ಹಾಕಿ. ದಪ್ಪ ಎಲೆಗಳಲ್ಲೇ ನೀರಿನ ದಾಸ್ತಾನು ಇರುವುದರಿಂದ ಒಂದೆರಡು ದಿನ ತಡವಾದರೂ ಗಿಡ ತಾಳಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸನಗರ, ತೀರ್ಥಹಳ್ಳಿ, ಆಗುಂಬೆಯ ಕಡೆ ಗಾಳಿಯಲ್ಲೇ ಪಸೆ ತುಂಬಿರುತ್ತದೆ. ಸೂರಿನ ನೀರು, ಎರಚಲು ತಾಗದಂತೆ ಕುಂಡವನ್ನು ಜಗಲಿಯ ಒಳಕ್ಕೆ ಸರಿಸಿ. ಹತ್ತು ಹನ್ನೆರಡು ದಿನ ನೀರೇ ಬೇಡವಾಗಬಹುದು.

ಮಿಶ್ರಣ ಒದ್ದೆಯಿದ್ದೂ ಎಲೆ ಬಾಡಿದರೆ ಅದು ಬಾಯಾರಿಕೆಯಲ್ಲ, ಬೇರು ಕೊಳೆತ ಗುರುತು. ಆಗ ಮತ್ತೆ ನೀರು ಹಾಕಿದರೆ ಮುಗಿಯಿತು. ಗಟ್ಟಿಯಾಗಿರುವ ಕುಡಿಗಳನ್ನು ಕತ್ತರಿಸಿ ಹೊಸ ಮಿಶ್ರಣದಲ್ಲಿ ನೆಡುವುದೇ ದಾರಿ.

ಹೂ ಬರಬೇಕಾದರೆ

ಬೆಳಕು ಚೆನ್ನಾಗಿರಬೇಕು. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬಿದ್ದರೆ ಒಳ್ಳೆಯದೇ, ಮಧ್ಯಾಹ್ನದ್ದು ಎಲೆ ಸುಡುತ್ತದೆ. ಕತ್ತಲೆ ಮೂಲೆಯಲ್ಲಿ ಬಳ್ಳಿ ಉದ್ದವಾಗುತ್ತದಷ್ಟೆ. ಫೆಬ್ರವರಿಯಿಂದ ಮೇವರೆಗೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವುದು) ಲೀಟರ್ ನೀರಿಗೆ 1 ಗ್ರಾಂನಂತೆ ಕರಗಿಸಿ ಹದಿನೈದು ದಿನಕ್ಕೊಮ್ಮೆ ಕೊಡಿ, ಮಳೆಗಾಲದಲ್ಲಿ ನಿಲ್ಲಿಸಿ. ಮೊಗ್ಗು ಕಂಡ ಮೇಲೆ ಕುಂಡದ ಜಾಗ ಬದಲಿಸಬೇಡಿ, ಪೂರ್ತಿ ಒಣಗಲೂ ಬಿಡಬೇಡಿ. ಎರಡಕ್ಕೂ ಮೊಗ್ಗು ಉದುರುತ್ತದೆ. ಈ ಹೂಗಳ ತವರಿನಲ್ಲಿ ಪರಾಗಸ್ಪರ್ಶ ಮಾಡುವುದು ಸೂರಕ್ಕಿಗಳು. ಜಗಲಿಯ ಅಂಚಿನ ಕುಂಡಕ್ಕೆ ನಮ್ಮ ಸೂರಕ್ಕಿಯೂ ಬಂದೀತು.

ಹೂ ಮುಗಿದೊಡನೆ ಪ್ರತಿ ಬಳ್ಳಿಯನ್ನೂ ಮೂರನೇ ಒಂದರಷ್ಟು ಕತ್ತರಿಸಿ. ಹೂ ಬರುವುದು ಹೊಸ ಕುಡಿಯ ತುದಿಯಲ್ಲಿ, ಕತ್ತರಿಸದ ಬಳ್ಳಿ ಬುಡದಲ್ಲಿ ಬೋಳಾಗುತ್ತದೆ. ಆಗಲೇ ಎಲೆಸಂದುಗಳನ್ನೂ ನೋಡಿ: ಬಿಳಿ ಹತ್ತಿಯಂತೆ ಹಿಟ್ಟು ತಿಗಣೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ.