ಸವೆತ ತಡೆಯುವ ನಿಕಲ್: ಸಿಲಿಕಾನ್ ಕಾರ್ಬೈಡ್ ಬೆರೆಸಿ ಪ್ಲೇಟಿಂಗ್ ಮಾಡುವ ಬಗೆ

ನಿಕಲ್ ಪದರಕ್ಕೆ ಗಡಸು ಸಿಲಿಕಾನ್ ಕಾರ್ಬೈಡ್ ಪುಡಿ ಬೆರೆಸಿದರೆ ಸವೆತ ತಗ್ಗುತ್ತದೆ, ಆದರೆ ಪುಡಿ ಹೆಚ್ಚು ಸುರಿದಷ್ಟೂ ಪದರ ಗಟ್ಟಿ ಎಂದುಕೊಂಡರೆ ಕೆಲಸ ಕೆಟ್ಟಿತು. ಬಿಗಿಯಾಗಿ ಕೂರದ ಕಣ ಉಜ್ಜುವಾಗ ಕಿತ್ತುಬಂದು, ಎರಡು ಮೈಗಳ ನಡುವೆ ಮರಳಿನಂತೆ ಉರುಳಿ ಪದರವನ್ನೇ ಕೆರೆಯುತ್ತದೆ. ಮಾಲೆ ಕಂಪನಿ 1967ರಲ್ಲಿ ರೋಟರಿ ಎಂಜಿನ್‌ಗಾಗಿ ರೂಪಿಸಿದ, ಇದೇ ಬಗೆಯ ನಿಕಾಸಿಲ್ ಎಂಬ ಪದರದಲ್ಲೂ ಕಾರ್ಬೈಡ್ ಇರುವುದು ತೂಕದಲ್ಲಿ ಸುಮಾರು 4% ಮಾತ್ರ. ಕಾರ್ಬೈಡ್ ಹಗುರವಾದ್ದರಿಂದ ಗಾತ್ರದಲ್ಲಿ ಅದು 10% ಆಗುತ್ತದೆ; ಅಷ್ಟು ಸಾಕು.

ಪ್ರಯೋಗಕ್ಕೆ 1 ಲೀಟರ್ ದ್ರಾವಣ: ನಿಕಲ್ ಸಲ್ಫೇಟ್ 250 ಗ್ರಾಂ, ನಿಕಲ್ ಕ್ಲೋರೈಡ್ 45 ಗ್ರಾಂ, ಬೋರಿಕ್ ಆಮ್ಲ 35 ಗ್ರಾಂ, ಸೋಡಿಯಂ ಲಾರಿಲ್ ಸಲ್ಫೇಟ್ 0.2 ಗ್ರಾಂ, ಡಿಅಯನೈಸ್ಡ್ ನೀರು. ಪಿಎಚ್ 4, ಶಾಖ 50 ಡಿಗ್ರಿ ಸೆಲ್ಸಿಯಸ್. ಲಾರಿಲ್ ಸಲ್ಫೇಟ್ ಸೋಪಿನಂಥ ವಸ್ತು; ಅದು ಇದ್ದಲ್ಲಿಗೆ ಅಂಥದೇ ಇನ್ನೊಂದಾದ ಸಿಟಿಎಬಿ (ಸೆಟೈಲ್‌ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್) ಹಾಕಬೇಡಿ. ಎರಡರ ವಿದ್ಯುದಂಶ ವಿರುದ್ಧವಾದ್ದರಿಂದ ಒಂದಕ್ಕೊಂದು ಅಂಟಿ ಎರಡೂ ವ್ಯರ್ಥ.

1ರಿಂದ 3 ಮೈಕ್ರಾನ್‌ನ ಕಾರ್ಬೈಡ್ 20 ಗ್ರಾಂ ತೆಗೆದುಕೊಳ್ಳಿ. ಪುಡಿಯಲ್ಲಿರುವ ಕಬ್ಬಿಣದ ಅಂಶ ಹೋಗಲು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಆಮ್ಲ ಪೂರ್ತಿ ಹೋಗುವವರೆಗೆ ನೀರಿನಲ್ಲಿ ಜಾಲಿಸಿ. ಒಣ ಪುಡಿಯನ್ನು ನೇರವಾಗಿ ಸುರಿದರೆ ಗಂಟು ಕಟ್ಟುತ್ತದೆ. ಸ್ವಲ್ಪ ದ್ರಾವಣದಲ್ಲಿ ಕಲಸಿ, ಅಲ್ಟ್ರಾಸಾನಿಕ್ (ಶ್ರವಣಾತೀತ ಕಂಪನದ) ತೊಟ್ಟಿಯಲ್ಲಿ ಅರ್ಧ ಗಂಟೆ ಇಟ್ಟು ಬೆರೆಸಿ, ರಾತ್ರಿಯಿಡೀ ಕಲಕಲು ಬಿಡಿ. ಈ ಹಂತಕ್ಕೆ ಆತುರ ಸಲ್ಲದು. ಗಂಟುಗಳೇ ಮುಂದೆ ಪದರದಲ್ಲಿ ಸಡಿಲ ಜಾಗಗಳಾಗುತ್ತವೆ.

ಮೆದು ಉಕ್ಕಿನ ತುಂಡಿನ ಜಿಡ್ಡು ತೆಗೆದು, 10% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ನಿಮಿಷ ಅದ್ದಿ ತೊಳೆಯಿರಿ. ಮೈಮೇಲೆ ನೀರು ಒಡೆಯದೆ ಹರಡಿ ನಿಂತರೆ ಜಿಡ್ಡು ಹೋಗಿದೆ. ಒಣಗಲು ಬಿಡದೆ ತೊಟ್ಟಿಗೆ ಇಳಿಸಿ, ನೆಟ್ಟಗೆ ತೂಗುಹಾಕಿ. ಅಡ್ಡಡ್ಡ ಇಟ್ಟರೆ ಮೇಲ್ಮೈಗೆ ಪುಡಿ ಕೂತು ಮರಳುಕಾಗದದಂತೆ ಒರಟಾಗುತ್ತದೆ. ಆನೋಡ್‌ಗೆ, ಎಂದರೆ ಧನ ತುದಿಗೆ ಜೋಡಿಸಿದ ನಿಕಲ್‌ಗೆ, ಬಟ್ಟೆಯ ಚೀಲ ಕಡ್ಡಾಯ.

5×5 ಸೆಂಟಿಮೀಟರ್‌ನ ಒಂದೇ ಮುಖಕ್ಕಾದರೆ, ಹಿಂಬದಿಗೆ ಟೇಪ್ ಹಚ್ಚಿ 1 ಆಂಪಿಯರ್ ಕೊಡಿ. ಎಂದರೆ ಚದರ ಡೆಸಿಮೀಟರಿಗೆ 4 ಆಂಪಿಯರ್. ಒಂದು ಗಂಟೆಗೆ ಸುಮಾರು 45 ಮೈಕ್ರಾನ್ ಬೆಳೆಯುತ್ತದೆ. ಪುಡಿ ತಳ ಹಿಡಿಯದಷ್ಟು ಕಲಕಿ ಸಾಕು. ವೇಗ ಹೆಚ್ಚಾದರೆ ಬಂದು ತಾಗಿದ ಕಣವನ್ನು ನಿಕಲ್ ಮುಚ್ಚುವ ಮುನ್ನವೇ ಹರಿವು ಕೊಚ್ಚಿಕೊಂಡು ಹೋಗುತ್ತದೆ. ಪ್ಲೇಟಿಂಗ್ ನಡೆಯುತ್ತಿರುವಾಗ ಫಿಲ್ಟರ್ ಓಡಿಸಿದರೆ ಪುಡಿಯೆಲ್ಲ ಅದರ ಪಾಲು. ಪಿಎಚ್ ತಾನಾಗಿ ಏರುತ್ತದೆ. 5ರತ್ತ ಹೋದರೆ ಹೈಡ್ರಾಕ್ಸೈಡ್ ಸೇರಿ ಪದರ ಪೆಡಸಾಗುತ್ತದೆ. ದುರ್ಬಲ ಸಲ್ಫ್ಯೂರಿಕ್ ಆಮ್ಲದಿಂದ ಇಳಿಸಿ.

ಸವೆತ ಅಳೆಯಲು ತಿರುಗುವ ತುಂಡಿನ ಮೇಲೆ ಗುಂಡನ್ನು ಒತ್ತಿ ಉಜ್ಜುವ ಪಿನ್-ಆನ್-ಡಿಸ್ಕ್ ಯಂತ್ರದಲ್ಲಿ ಅಲ್ಯುಮಿನಾ ಗುಂಡು ಬಳಸಿ. ಉಕ್ಕಿನ ಗುಂಡನ್ನು ಕಾರ್ಬೈಡೇ ತಿಂದುಹಾಕುತ್ತದೆ. ಹೋಲಿಕೆಗೆ ಪುಡಿಯಿಲ್ಲದ ನಿಕಲ್ ತುಂಡೊಂದನ್ನೂ ಓಡಿಸಿ. ತೂಕದ ನಷ್ಟವನ್ನು ಸಾಂದ್ರತೆಯಿಂದ ಭಾಗಿಸಿ ಗಾತ್ರಕ್ಕೆ ತಿರುಗಿಸದೆ ಹೋಲಿಸಬೇಡಿ: ಘನ ಸೆಂಟಿಮೀಟರಿಗೆ ಬರಿ ನಿಕಲ್‌ಗೆ 8.9 ಗ್ರಾಂ, ತೂಕದಲ್ಲಿ 4% ಕಾರ್ಬೈಡ್ ಇದ್ದರೆ ಸುಮಾರು 8.3 ಗ್ರಾಂ. ಆ ಗಾತ್ರವನ್ನು ಭಾರ ಮತ್ತು ಜಾರಿದ ದೂರದ ಗುಣಲಬ್ಧದಿಂದ ಭಾಗಿಸಿದರೆ ಸವೆತದ ದರ. ಸವೆದ ಗೆರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಕಣ ಕಿತ್ತ ಗುಳಿಗಳೂ ಅವುಗಳಿಂದ ಹೊರಟ ಉದ್ದುದ್ದ ಗೀರುಗಳೂ ಕಂಡರೆ ಮುಂದಿನ ಸಲ ಪುಡಿ ಕಡಿಮೆ ಮಾಡಿ.

ಕೈಗವಸು, ಕನ್ನಡಕ ಬಿಡಬೇಡಿ. ನಿಕಲ್ ಲವಣ ಚರ್ಮಕ್ಕೆ ಅಲರ್ಜಿ ತರುತ್ತದೆ, ಅದರ ತುಂತುರು ಉಸಿರಿಗೆ ಹೋದರೆ ಕ್ಯಾನ್ಸರ್‌ಕಾರಕ. ಹಳೆಯ ದ್ರಾವಣ ಮೋರಿಗೆ ಹೋಗಕೂಡದು.